ಪ್ರೇಕ್ಷಕರಿಲ್ಲದ ಆಟ

ಜಾತ್ರೆಗೆ ಜನರು ಏಕೆ ಸೇರಿದರೆಂದು ಯಾರೂ ಕೇಳುವುದಿಲ್ಲ; ಸೇರದೆ ಹೋದಾಗ ಮಾತ್ರ ಹತ್ತು ಮಂದಿ ಹತ್ತು ಕಾರಣಗಳನ್ನು ಹೇಳುವರು. ಮಳೆಯೆಂದು ಒಬ್ಬನೂ, ಖರ್ಚೆಂದು ಮತ್ತೊಬ್ಬನೂ, ಕಾಲವೇ ಕೆಟ್ಟಿತೆಂದು ಇನ್ನೊಬ್ಬನೂ ತೀರ್ಪು ಕೊಟ್ಟು ಮನೆಗೆ ಹೋಗುವುದುಂಟು. ಹಣ ತೆತ್ತು ಆಟಗಾರರನ್ನು ಇಟ್ಟುಕೊಂಡು ನಡೆಯುವ ಕಾಲ್ಚೆಂಡಾಟದ ತಂಡಗಳ ವಿಷಯವೂ ಹೀಗೆಯೇ. ಪರಸ್ಥಳದಲ್ಲಿ ಆಡುವಾಗ ಜನ ಕಡಿಮೆಯಾದರೆ ಅದರಲ್ಲಿ ಸೋಜಿಗವಿಲ್ಲ. ತನ್ನ ಊರಿನಲ್ಲಿ, ತನ್ನವರೆಂಬುವರ ಮುಂದೆ ಆಡುವಾಗಲೇ ಪೀಠಗಳು ಬರಿದಾದರೆ ಅದು ವಿಚಾರಕ್ಕೆ ತಕ್ಕ ಸಂಗತಿಯಾಗುತ್ತದೆ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಮಾನುಷೀ ಎಂದೂ ದೈವೀ ಎಂದೂ ಎರಡಾಗಿ ವಿಂಗಡಿಸಿರುವುದು ಸಂಸ್ಕೃತಜ್ಞರಿಗೆ ತಿಳಿದೇ ಇದೆ. ಪ್ರೇಕ್ಷಕರು ನಗುವುದು, ಸಾಧುವೆನ್ನುವುದು, ಅಯ್ಯೋ ಎಂದು ಮರುಗುವುದು, ಮೈಮರೆತು ಆಸನದಿಂದ ಏಳುವುದು ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ಗದ್ದಲವಾಗಲಿ ಕ್ಷೋಭೆಯಾಗಲಿ ಇಲ್ಲದೆ ರಂಗವು ಪರಿಪೂರ್ಣವಾಗಿ ತುಂಬಿರುವುದು ದೈವೀ ಸಿದ್ಧಿ. ಕಾಲ್ಚೆಂಡಾಟದಲ್ಲಿ ಗದ್ದಲವಿಲ್ಲದ ರಂಗವನ್ನು ಯಾರೂ ಬಯಸರು. ಆದರೂ ರಂಗದ ಪೂರ್ಣತೆಯೇ ಪ್ರಯೋಗದ ಒಂದು ಅಂಗವೆಂಬ ಮಾತು ಅಲ್ಲಿಗೂ ಸಲ್ಲುತ್ತದೆ. ಪ್ರೇಕ್ಷಕನು ಆಟದ ಹೊರಗಿನವನಲ್ಲ. ಪಾತ್ರದ ಸಂತೋಷದಲ್ಲಿ ಸಂತೋಷವನ್ನೂ ಶೋಕದಲ್ಲಿ ಶೋಕವನ್ನೂ ಹೊಂದುವವನೇ ನಿಜವಾದ ಪ್ರೇಕ್ಷಕನೆಂದು ಆ ಗ್ರಂಥವೇ ಹೇಳುತ್ತದೆ. ಅಂಥವನು ಎದ್ದು ಹೋದನೆಂದರೆ ಕಾರಣವು ಅವನಲ್ಲಿರಬೇಕು, ಇಲ್ಲವೆ ಪ್ರಯೋಗದಲ್ಲಿರಬೇಕು, ಇಲ್ಲವೆ ಇವೆರಡರ ನಡುವಣ ಸಂಬಂಧದಲ್ಲಿರಬೇಕು.

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ನೆರೆಯ ಕೇರಳದಲ್ಲಿ ಒಂದು ಒಳ್ಳೆಯ ನಿದರ್ಶನವುಂಟು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಎಂಬ ಪಂದ್ಯಾವಳಿ ಮೊದಲಾದಾಗ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎಂಬ ತಂಡವು ಹುಟ್ಟಿತು. ಕ್ರಿಕೆಟ್ಟಿನ ಸಚಿನ್ ತೆಂಡೂಲ್ಕರರು ಅದರ ಒಡೆಯರಲ್ಲಿ ಒಬ್ಬರಾಗಿದ್ದರು. ಅದರ ಬಣ್ಣ ಹಳದಿ. ಬೆಂಬಲಿಗರು ತಮ್ಮ ಸಂಘಕ್ಕೆ ಮಂಜಪ್ಪಡ ಎಂದು ಹೆಸರಿಟ್ಟುಕೊಂಡರು. ಮಲಯಾಳದಲ್ಲಿ ಮಂಜ ಎಂದರೆ ಹಳದಿ, ಪಡ ಎಂದರೆ ಕನ್ನಡದ ಪಡೆಯೇ. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ತಂಡವು ಕೋಲ್ಕತ್ತದ ತಂಡಕ್ಕೆ ಒಂದು ಗೋಲಿನಿಂದ ಸೋತಿತು. ಆದರೆ ಕೊಚ್ಚಿಯ ಜವಾಹರಲಾಲ್ ನೆಹರು ಕ್ರೀಡಾಂಗಣವು ಹಳದಿಯ ಕಡಲಾಗಿ ಕಂಡುದನ್ನು ದೇಶವೆಲ್ಲ ನೋಡಿತು.

ಮಾರನೆಯ ವರ್ಷವೇ ವಿಚಾರದ ಮೊದಲ ಗಂಟು ಬೀಳುತ್ತದೆ. 2015ರಲ್ಲಿ ಎಂಟು ತಂಡಗಳ ಪೈಕಿ ಬ್ಲಾಸ್ಟರ್ಸ್ ತಂಡವು ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಸೋಲೇ ಜನರನ್ನು ಓಡಿಸುವುದಾದರೆ ಆ ವರ್ಷವೇ ಕ್ರೀಡಾಂಗಣವು ಹಾಳು ಸುರಿಯಬೇಕಾಗಿತ್ತು. ಆದುದು ಬೇರೆ; ಪಂದ್ಯವೊಂದಕ್ಕೆ ಸರಾಸರಿ 50,000ದ ಆಸುಪಾಸಿನಲ್ಲಿ ಜನರು ಬಂದರು. 2016ರಲ್ಲಿ ಅಂತಿಮ ಪಂದ್ಯವು ಕೊಚ್ಚಿಯಲ್ಲಿಯೇ ನಡೆದು, ಪೆನಾಲ್ಟಿ ಒದೆತಗಳಲ್ಲಿ ತಂಡವು ಮತ್ತೆ ಕೋಲ್ಕತ್ತದವರಿಗೇ ಸೋತಾಗಲೂ ಪೀಠಗಳು ತುಂಬಿದ್ದುವು. ಸೋತ ಮಗನನ್ನು ಯಾವ ತಾಯಿಯೂ ಬಾಗಿಲಿನಿಂದ ಆಚೆಗೆ ನೂಕುವುದಿಲ್ಲವಷ್ಟೆ.

ಇನ್ನು 2018ಕ್ಕೆ ಬರಬೇಕು. ಸೆಪ್ಟೆಂಬರ್ 29ರಂದು ಕೋಲ್ಕತ್ತದಲ್ಲಿ ನಡೆದ ಮೊದಲ ಪಂದ್ಯವನ್ನು ತಂಡವು ಎರಡು ಗೋಲುಗಳಿಂದ ಗೆದ್ದಿತು. ಆಮೇಲೆ ಹದಿನಾಲ್ಕು ಪಂದ್ಯಗಳವರೆಗೆ ಗೆಲವೆಂಬುದಿಲ್ಲ. 2019ರ ಫೆಬ್ರವರಿಯಲ್ಲಿ ಚೆನ್ನೈಯವರನ್ನು ಕೊಚ್ಚಿಯಲ್ಲಿ ಮೂರು ಗೋಲುಗಳಿಂದ ಮಣಿಸಿದಾಗಲೇ ಆ ಶಾಪವು ಮುಗಿದದ್ದು. ನಡುವೆ ಡಿಸೆಂಬರಿನಲ್ಲಿ ತರಬೇತುದಾರನಾಗಿದ್ದ ಡೇವಿಡ್ ಜೇಮ್ಸನು ಹುದ್ದೆಯನ್ನು ಬಿಟ್ಟನು. ಅದೇ ತಿಂಗಳಲ್ಲಿ ಬೆಂಬಲಿಗರ ಸಂಘವೇ ಪೀಠಗಳನ್ನು ಬರಿದಾಗಿಸಿ ಪ್ರತಿಭಟಿಸಿತು. ಹಿಂದೆ 50,000 ಕಂಠಗಳು ಮೊಳಗಿದ್ದ ಜಾಗದಲ್ಲಿ ನೆರೆದವರ ಸಂಖ್ಯೆ 10,000ಕ್ಕಿಂತಲೂ ಕೆಳಗೆ ಇಳಿಯಿತು. ಊರು ಅದೇ, ಜನ ಅದೇ, ಬಣ್ಣ ಅದೇ. 2015ರ ಸೋಲನ್ನು ಸಹಿಸಿದವರು 2018ರ ಸೋಲನ್ನು ಸಹಿಸದೆ ಹೋದುದೇಕೆ?

ಕಾರಣವನ್ನು ಹುಡುಕುವ ಮೊದಲು ಲೆಕ್ಕವನ್ನು ಸರಿಮಾಡಿಕೊಳ್ಳುವುದು ನ್ಯಾಯ. 2017ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ವಿಶ್ವಕಪ್ ಪಂದ್ಯಗಳು ಕೊಚ್ಚಿಯಲ್ಲಿಯೂ ನಡೆದುವು. ಭದ್ರತೆಯ ನಿಯಮಗಳಿಗನುಸಾರವಾಗಿ ಆಸನಗಳ ಸಂಖ್ಯೆಯನ್ನು ಬಹಳವಾಗಿ ತಗ್ಗಿಸಲಾಯಿತು. ಆ ಬಳಿಕ ತಂಡದ ಪಂದ್ಯಗಳಿಗೆ ಮೊದಲಿನಷ್ಟು ಜನರನ್ನು ಬಿಡುವಂತೆಯೇ ಇರಲಿಲ್ಲ. ಆದಕಾರಣ ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ಅಳುವವರು ಅಳತೆಯ ಕೊಳಗವೇ ಕಿರಿದಾದುದನ್ನು ಮರೆಯಬಾರದು. ಆದರೆ ಕಿರಿದಾದ ಕೊಳಗವೂ ತುಂಬದೆ ಹೋದುದಕ್ಕೆ ಈ ಸಮಾಧಾನವು ಸಾಲದು.

ಎಲ್ಲರ ಬಾಯಲ್ಲಿಯೂ ಸಿದ್ಧವಾಗಿರುವ ಉತ್ತರ ದೂರದರ್ಶನದ್ದು. ಮನೆಯಲ್ಲಿ ಕುಳಿತು ಹತ್ತಿರದಿಂದ ನೋಡಬಹುದಾದ ಆಟಕ್ಕೆ ಬಯಲಿಗೆ ಏಕೆ ಹೋಗಬೇಕೆನ್ನುವರು. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಕಾಲ್ಚೆಂಡಾಟದ ತವರಾದ ಇಂಗ್ಲೆಂಡಿನ ಚರಿತ್ರೆಯು ಇದಕ್ಕೆ ಎದುರು ಸಾಕ್ಷಿ ನುಡಿಯುತ್ತದೆ. ಅಲ್ಲಿಯ ಲೀಗು ಪಂದ್ಯಗಳಿಗೆ 1948–49ರಲ್ಲಿ ಒಟ್ಟು 4 ಕೋಟಿ 10 ಲಕ್ಷಕ್ಕೂ ಮಿಕ್ಕಿ ಜನರು ಬಂದಿದ್ದರು. 1985–86ರಲ್ಲಿ ಆ ಸಂಖ್ಯೆ 1 ಕೋಟಿ 65 ಲಕ್ಷದಷ್ಟಕ್ಕೆ ಕುಸಿಯಿತು. ವಿನೋದವೆಂದರೆ, ಕುಸಿತವು ತಳ ಮುಟ್ಟಿದ ಆ ವರ್ಷದ ಮೊದಲರ್ಧದಲ್ಲಿ ಹಣದ ವ್ಯಾಜ್ಯದಿಂದಾಗಿ ಅಲ್ಲಿನ ದೂರದರ್ಶನದಲ್ಲಿ ಲೀಗು ಪಂದ್ಯಗಳನ್ನು ತೋರಿಸಲೇ ಇಲ್ಲ. 1992ರ ಅನಂತರ ಪಂದ್ಯಗಳು ಹಿಂದೆಂದಿಗಿಂತಲೂ ಹೆಚ್ಚಾಗಿ ಮನೆಮನೆಗೆ ತಲುಪಿದುವು. ಬಯಲಿನ ಜನವೂ ಹೆಚ್ಚುತ್ತ ಬಂದಿತು. ನಡುವೆ ಆದುದೇನು? 1985ರಲ್ಲಿ ಬ್ರಾಡ್‌ಫರ್ಡಿನ ಕ್ರೀಡಾಂಗಣದ ಬೆಂಕಿಯಲ್ಲಿ 56 ಜನರೂ, 1989ರಲ್ಲಿ ಹಿಲ್ಸ್‌ಬರೋದ ನೂಕುನುಗ್ಗಲಿನ ದೆಸೆಯಿಂದ 97 ಜನರೂ ಸತ್ತರು. ಪ್ರೇಕ್ಷಕನನ್ನು ಕೊಟ್ಟಿಗೆಯ ದನದಂತೆ ಕಾಣಬಾರದೆಂಬ ವಿವೇಕವು ಅಷ್ಟು ಪ್ರಾಣಗಳನ್ನು ತೆತ್ತ ಮೇಲೆ ಅಲ್ಲಿ ಮೂಡಿತು. ಆಸನಗಳೂ ದಾರಿಗಳೂ ಸುಧಾರಿಸಿದುವು. ಟಿಕೆಟಿನ ಬೆಲೆ ಏರಿ ಬಡವರು ಹೊರಗುಳಿದರೆಂಬ ದೂರು ಬೇರೆ ಇದ್ದರೂ ಜನರು ಮರಳಿದರು.

ಹಾಗಾದರೆ ಕೊಚ್ಚಿಯ ಪ್ರೇಕ್ಷಕನ ಪಾಡೇನು? ಉದಾಹರಣೆಗಾಗಿ ಮಲಪ್ಪುರಂ ಜಿಲ್ಲೆಯ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳಬಹುದು. ಅವನ ಊರಿಗೂ ಕೊಚ್ಚಿಗೂ ನೂರು ಕಿಲೋಮೀಟರಿಗಿಂತ ಹೆಚ್ಚಿನ ದೂರ. ಆಟವು ರಾತ್ರಿ ಏಳೂವರೆಗೆ. ಅದೂ ಕೆಲವೊಮ್ಮೆ ಕೆಲಸದ ದಿನ. ಅರ್ಧ ದಿನದ ರಜೆ ಕೇಳಬೇಕು, ಮಗನನ್ನು ಶಾಲೆಯಿಂದ ಬೇಗ ಬಿಡಿಸಬೇಕು, ಬಸ್ಸು ಹಿಡಿಯಬೇಕು, ಒಳಗೆ ಸೇರುವುದಕ್ಕೆ ಸಾಲಿನಲ್ಲಿ ನಿಲ್ಲಬೇಕು. ಕ್ರಿಕೆಟ್ಟಿಗೂ ಒದಗಬೇಕಾದ ದುಂಡನೆಯ ಬಯಲಾದುದರಿಂದ ಮುಂದಿನ ಸಾಲಿನವನಿಗೂ ಚೆಂಡು ದೂರದಲ್ಲಿಯೇ ಕಾಣುವುದು. ಆಟ ಮುಗಿದು ಊರು ಸೇರುವಾಗ ಕೋಳಿ ಕೂಗುವ ಹೊತ್ತು ಹತ್ತಿರವಾಗಿರುತ್ತದೆ. ಇಷ್ಟನ್ನೂ ಅವನು 2014ರಲ್ಲಿ ಸಂತೋಷದಿಂದ ಮಾಡಿದನು. ಶ್ರಮವೇ ಅವನಿಗೆ ಯಾತ್ರೆಯ ಪುಣ್ಯದಂತೆ ತೋರಿತ್ತು. 2018ರಲ್ಲಿಯೂ ಶ್ರಮವು ಅಷ್ಟೇ ಇತ್ತು. ಪುಣ್ಯದ ನಂಬಿಕೆ ಮಾತ್ರ ಸವೆದಿತ್ತು.

ಅವನಿಗೆ ಆಟದ ಮೇಲಿನ ಪ್ರೀತಿಯೇ ಬತ್ತಿತೆನ್ನುವವರು ಮಲಬಾರಿನ ಹಳ್ಳಿಗಳನ್ನು ನೋಡಬೇಕು. ಅಲ್ಲಿ ಸೆವೆನ್ಸ್ ಎಂಬ ಆಟವುಂಟು. ಕಡೆಗೆ ಏಳೇ ಮಂದಿ. ಮಳೆಗಾಲ ಕಳೆದ ಮೇಲೆ ಊರಬಯಲುಗಳಲ್ಲಿಯೂ ಕೊಯ್ಲಾದ ಗದ್ದೆಗಳಲ್ಲಿಯೂ ಮರದ ಮೆಟ್ಟಿಲುಗಳನ್ನು ಕಟ್ಟಿ, ರಾತ್ರಿ ದೀಪಗಳ ಬೆಳಕಿನಲ್ಲಿ ಆಡುವರು. ಆಫ್ರಿಕದ ಆಟಗಾರರೂ ಬಂದು ಆ ತಂಡಗಳಲ್ಲಿ ಸೇರುವುದುಂಟು. ಅಲ್ಲಿ ಹಣ್ಣುಹಣ್ಣು ಮುದುಕರಿಂದ ಹಿಡಿದು ಶಾಲೆಯ ಹುಡುಗರವರೆಗೆ ಜನರು ಕಿಕ್ಕಿರಿದು ಕೂಡುತ್ತಾರೆ. ಚೆಂಡು ಗೆರೆ ದಾಟಿದರೆ ಪ್ರೇಕ್ಷಕನ ಮಡಿಲಿಗೇ ಬೀಳುತ್ತದೆ. ಆಟಗಾರನ ಏದುಸಿರು ಅವನಿಗೆ ಕೇಳಿಸುತ್ತದೆ. ಆಡಿಸುವವರು ಅದೇ ಊರಿನವರು. ಉಳಿದ ಹಣವು ಎಷ್ಟೋ ಕಡೆ ಊರಿನ ರೋಗಿಗೋ ಬಡವನಿಗೋ ಸಲ್ಲುತ್ತದೆ. ಆದುದರಿಂದ ನೀರು ಬತ್ತಿಲ್ಲ. ಕಾಲುವೆ ಮಾತ್ರ ಬೇರೆ ಕಡೆಗೆ ತಿರುಗಿದೆ.

ಈಗ 2015ಕ್ಕೂ 2018ಕ್ಕೂ ಇದ್ದ ಭೇದವು ಸ್ವಲ್ಪ ಸ್ಪಷ್ಟವಾಗುತ್ತದೆ. ಮೊದಮೊದಲು ಪಂದ್ಯಾವಳಿಯು ಎರಡೂವರೆ ತಿಂಗಳಿನ ಹಬ್ಬವಾಗಿತ್ತು. ಹಬ್ಬದಲ್ಲಿ ಯಾರೂ ಅಡುಗೆಯ ಉಪ್ಪುಖಾರವನ್ನು ಎಣಿಸುವುದಿಲ್ಲ. 2017ರಿಂದ ಅದು ಇನ್ನೂ ದೀರ್ಘವಾದ ಸಂಸಾರವಾಯಿತು. ಸಂಸಾರಕ್ಕೆ ನಂಬಿಕೆ ಬೇಕು. ಅಷ್ಟರಲ್ಲಿ ಆಟಗಾರರು ವರ್ಷಕ್ಕೊಂದು ಗುಂಪಾಗಿ ಬಂದುಹೋಗುತ್ತಿದ್ದರು. ಜನರು ಎದೆಗೆ ಹಚ್ಚಿಕೊಂಡಿದ್ದ ಕೆನಡಾದ ಇಯಾನ್ ಹ್ಯೂಮನು ಒಂದು ವರ್ಷವಾದೊಡನೆ ಎದುರಾಳಿ ಕೋಲ್ಕತ್ತಕ್ಕೆ ಹೋದನು. 2018ರ ಸೆಪ್ಟೆಂಬರಿನಲ್ಲಿ ತೆಂಡೂಲ್ಕರರು ತಮ್ಮ ಪಾಲನ್ನು ಬಿಟ್ಟುಕೊಟ್ಟರು. 2019ರ ಆದಿಯಲ್ಲಿ ಕಣ್ಣೂರಿನ ಸಿ. ಕೆ. ವಿನೀತನನ್ನು ಚೆನ್ನೈಯವರಿಗೆ ಎರವಲಾಗಿ ಕಳುಹಲಾಯಿತು. ವ್ಯವಹಾರದ ದೃಷ್ಟಿಯಿಂದ ಇವು ಒಂದೊಂದೂ ಸರಿಯೇ ಇರಬಹುದು. ಆದರೆ ಪ್ರೇಕ್ಷಕನು ತಂಡವನ್ನು ತನ್ನದೆಂದು ತಿಳಿದಿದ್ದನು. ತನ್ನದೆಂಬುದರಲ್ಲಿ ತನಗೆ ಮಾತೇ ಇಲ್ಲವೆಂದು ಕಂಡುಕೊಂಡಾಗ ಅವನು ಬರಿಯ ಗಿರಾಕಿಯಾದನು. ಗಿರಾಕಿಯು ಸರಕು ಕೆಟ್ಟರೆ ಅಂಗಡಿಯನ್ನು ಬದಲಾಯಿಸುವನು. ಅದು ಅವನ ಧರ್ಮ. ಬಂಧುವನ್ನು ಗಿರಾಕಿಯನ್ನಾಗಿ ಮಾಡಿದವರು, ಅವನು ಬಂಧುವಿನಂತೆ ನಡೆಯಲಿಲ್ಲವೆಂದು ದೂರುವುದು ಸಲ್ಲದು.

ಆದರೂ ಪ್ರೇಕ್ಷಕನಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಬರಿದಾದ ಪೀಠವು ಒಡೆಯನಿಗೆ ಕಳುಹಿಸಿದ ಓಲೆಯೇ ಸರಿ. ಆದರೆ ಅದನ್ನು ಮೊದಲು ಓದುವವನು ಒಡೆಯನಲ್ಲ, ಬಯಲಿನಲ್ಲಿರುವ ಹುಡುಗನು. 2018–19ರ ಆ ದುರ್ದಿನಗಳಲ್ಲಿಯೇ ಸಹಲ್ ಅಬ್ದುಲ್ ಸಮದ್ ಎಂಬ ಮಲಯಾಳಿ ತರುಣನು ಬ್ಲಾಸ್ಟರ್ಸಿನ ಪರವಾಗಿ ಆಡಿ ಆ ವರ್ಷದ ಉದಯೋನ್ಮುಖ ಆಟಗಾರನೆಂದು ಹೆಸರು ಪಡೆದನು. ಅವನ ಒಳ್ಳೆಯ ಒದೆತಗಳಲ್ಲಿ ಎಷ್ಟೋ ಬರಿಯ ಪೀಠಗಳ ಮುಂದೆಯೇ ಬಿದ್ದುಹೋದುವು. ಮುನಿಸಿಗೂ ತೊರೆಯುವುದಕ್ಕೂ ಅಂತರವುಂಟು. ಮುನಿದವನು ಬಾಗಿಲಲ್ಲಿಯೇ ನಿಂತಿರುತ್ತಾನೆ. ತೊರೆದವನ ಹೆಜ್ಜೆಯ ಸಪ್ಪಳವೂ ಕೇಳುವುದಿಲ್ಲ.

ಕೊಚ್ಚಿಯವರದು ಮುನಿಸೇ ಆಗಿತ್ತೆಂಬುದಕ್ಕೆ ಮುಂದಣ ವರ್ಷಗಳು ಸಾಕ್ಷಿ. ಮಹಾವ್ಯಾಧಿಯ ಕಾಲದಲ್ಲಿ ಎರಡು ವರ್ಷದ ಪಂದ್ಯಗಳೆಲ್ಲ ಗೋವೆಯಲ್ಲಿ, ಹೆಚ್ಚಾಗಿ ಜನರಿಲ್ಲದೆಯೇ ನಡೆದುವು. ಇವಾನ್ ವುಕೊಮಾನೊವಿಚ್ ಎಂಬ ಸೆರ್ಬಿಯದ ತರಬೇತುದಾರನ ಕೈಯಲ್ಲಿ ತಂಡವು 2022ರ ಮಾರ್ಚಿನಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿತು. ಆ ಒಂದು ಪಂದ್ಯಕ್ಕೆ ಪ್ರೇಕ್ಷಕರಿಗೆ ಬಾಗಿಲು ತೆರೆದಾಗ ಕೇರಳದಿಂದ ಸಾವಿರಗಟ್ಟಲೆ ಜನರು ಹೊರಟರು. ಮತ್ತೆ ಪೆನಾಲ್ಟಿಗಳಲ್ಲಿ ಸೋಲೇ ಆಯಿತು. ಆದರೂ ಅಕ್ಟೋಬರಿನಲ್ಲಿ ಕೊಚ್ಚಿಯ ಬಾಗಿಲು ತೆರೆದ ದಿನ ಕ್ರೀಡಾಂಗಣವು ತುಂಬಿತ್ತು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೇತ್ರಿಯು ಎದುರಾಳಿಗಳು ಅಣಿಯಾಗುವ ಮೊದಲೇ ಒದ್ದ ಗೋಲನ್ನು ಒಪ್ಪದೆ ಬ್ಲಾಸ್ಟರ್ಸ್ ತಂಡವು ಬಯಲನ್ನೇ ಬಿಟ್ಟು ಹೋಯಿತು. ಅದಕ್ಕಾಗಿ 4 ಕೋಟಿ ರೂಪಾಯಿ ದಂಡ ಬಿದ್ದಿತು. ನಿಯಮದ ದೃಷ್ಟಿಯಿಂದ ಅದು ತಪ್ಪೇ. ಆದರೆ ತಂಡವು ತಮ್ಮ ಮಾನಕ್ಕಾಗಿ ನಿಂತಿತೆಂದು ಬಗೆದ ಜನರು ಅದನ್ನು ಇನ್ನಷ್ಟು ಅಪ್ಪಿಕೊಂಡರು. ಗೆಲವಿಗಿಂತ ಬೇರೆಯಾದುದೇನನ್ನೋ ಅವರು ಹುಡುಕುತ್ತಿದ್ದರೆಂದು ಇದರಿಂದ ತಿಳಿಯುತ್ತದೆ.

ಕಥೆಯು ಅಲ್ಲಿಗೆ ಸುಖಾಂತವಾಗಲಿಲ್ಲ. 2023ರಲ್ಲಿ ಸಹಲನು ಕೋಲ್ಕತ್ತದ ಮೋಹನ್ ಬಗಾನಿಗೆ ಹೋದನು. 2024ರ ಡಿಸೆಂಬರಿನಲ್ಲಿ ಸೋಲುಗಳ ನಡುವೆ ಮತ್ತೊಬ್ಬ ತರಬೇತುದಾರನನ್ನು ಬಿಡಿಸಲಾಯಿತು. ಮಂಜಪ್ಪಡದವರು ಆಡಳಿತದವರ ಮೇಲೆ ಮತ್ತೆ ಮುನಿದರು. 2025ರಲ್ಲಿ ಲೀಗಿನ ಹಕ್ಕುಗಳ ಒಪ್ಪಂದವೇ ತೊಡಕಿಗೆ ಸಿಕ್ಕಿ ಪಂದ್ಯಾವಳಿಯು ವಾಡಿಕೆಯ ಕಾಲಕ್ಕೆ ಮೊದಲಾಗಲಿಲ್ಲ. ಪ್ರೇಕ್ಷಕನಿಲ್ಲದೆ ಆಟವು ಒಣಗುವುದನ್ನು ಕಂಡಿದ್ದವರು, ಆಟವಿಲ್ಲದೆ ಪ್ರೇಕ್ಷಕನು ಕಾಯುವುದನ್ನೂ ಕಂಡರು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಫಲಿತಾರ್ಥವು ಇಷ್ಟು. ಖರ್ಚು, ದೂರ, ಅಕಾಲ, ಮನೆಯ ಪರದೆ, ಸೋಲು, ಇವು ಒಂದೊಂದೂ ಜನರನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಎಳೆಯತಕ್ಕವುಗಳೇ. ಮಮತೆಯಿರುವವರೆಗೆ ಜನರು ಆ ಎಳೆತವನ್ನು ಲೆಕ್ಕಿಸರು. ಮಮತೆ ಸಡಿಲವಾದೊಡನೆ ಎಲ್ಲವೂ ಒಟ್ಟಿಗೆ ಭಾರವಾಗುವುವು. ಆದುದರಿಂದ ತಂಡವನ್ನು ನಡೆಸುವವರು ಟಿಕೆಟಿನ ದರವನ್ನು ತಗ್ಗಿಸುವುದರ ಜೊತೆಗೆ, ಊರಿನ ಹುಡುಗರನ್ನು ಬೆಳೆಸಿ ಉಳಿಸಿಕೊಳ್ಳುವುದನ್ನೂ, ಸೋತಾಗ ಮುಖ ಮರೆಸದೆ ಜನರೆದುರು ಉತ್ತರ ಹೇಳುವುದನ್ನೂ ಕಲಿಯಬೇಕು. ಪ್ರೇಕ್ಷಕರಾದರೋ, ಒಡೆಯರ ಮೇಲಿನ ಕೋಪವನ್ನು ಆಡುವ ಹುಡುಗರ ಮೇಲೆ ತೀರಿಸದಿರುವುದು ಲೇಸು. ಊರಿನ ಹೆಸರನ್ನು ಎದೆಯ ಮೇಲೆ ಧರಿಸಿ ಬಯಲಿಗೆ ಇಳಿದ ಹದಿನೆಂಟರ ಹುಡುಗನು ತಲೆಯೆತ್ತಿ ನೋಡಿದಾಗ ಅವನ ಊರು ಅಲ್ಲಿ ಕುಳಿತಿರಬೇಕು.