ಅವಳಿಗಳ ಗುರುತು

ಹಳ್ಳಿಯ ನಮ್ಮ ಮನೆಯ ಗೋಡೆಗಳು ಬಹಳ ದಪ್ಪ. ಪಡಸಾಲೆಗೆ ಬಂದ ಅಂತರ್ಜಾಲದ ಸಂಪರ್ಕವು ಹಿಂಬದಿಯ ಅವ್ವನ ಕೋಣೆಯನ್ನು ಮುಟ್ಟುತ್ತಿರಲಿಲ್ಲ. ಪರದೇಶದಲ್ಲಿರುವ ತಂಗಿಯ ಮುಖವನ್ನು ಪ್ರತಿ ಸಂಜೆ ಮೊಬೈಲಿನಲ್ಲಿ ಕಾಣುವುದೇ ಅವ್ವನಿಗೆ ದೊಡ್ಡ ಸಮಾಧಾನ. ಅದಕ್ಕಾಗಿ ನಡುಮನೆಯಲ್ಲಿ ಲಿನಕ್ಸ್ ಅಳವಡಿಸಿದ ಹಳೆಯ ಕಂಪ್ಯೂಟರೊಂದನ್ನಿಟ್ಟು, ಒಂದೇ ಮಾದರಿಯ ಎರಡು ವೈಫೈ ಸಾಧನಗಳನ್ನು ಉದ್ದನೆಯ ಯುಎಸ್‌ಬಿ ತಂತಿಗಳಿಂದ ಅದಕ್ಕೆ ಜೋಡಿಸಿದೆನು. ಪಡಸಾಲೆಯ ಕಡೆಗಿರುವುದು ಸಂಪರ್ಕವನ್ನು ಪಡೆಯಬೇಕು; ಅವ್ವನ ಬಾಗಿಲ ಬಳಿಯದು ಅದನ್ನು ಕೋಣೆಗೆ ಹಂಚಬೇಕು.

ಕೆಲವು ದಿನ ಎಲ್ಲವೂ ಸುಗಮವಾಗಿ ನಡೆಯಿತು. ಒಮ್ಮೆ ವಿದ್ಯುತ್ತು ಹೋಗಿ ಬಂದ ಮೇಲೆ ಸಂಪರ್ಕ ನಿಂತುಹೋಯಿತು. ಮರುದಿನ ತಾನಾಗಿಯೇ ಬಂದಿತು, ಮತ್ತೆ ಹೋಯಿತು. ಮಗಳು ಮುನಿಸಿಕೊಂಡಿದ್ದಾಳೆಂದು ತಿಳಿದ ಅವ್ವ ಊಟವನ್ನು ಅರ್ಧಕ್ಕೇ ಬಿಟ್ಟೆದ್ದಳು.

ದೋಷವೆಲ್ಲ ಡ್ರೈವರಿನದೆಂದು ಬಗೆದು ಅದನ್ನು ಎರಡು ಸಲ ತೆಗೆದು ಹಾಕಿದೆನು. ಫಲವಾಗಲಿಲ್ಲ. ನಿಜವಾಗಿ ಡ್ರೈವರ್ ನಿರಪರಾಧಿ. ಒಂದೇ ಡ್ರೈವರ್ ಎರಡೂ ಸಾಧನಗಳನ್ನು ನಡೆಸಬಲ್ಲದು. ತೊಡಕು ಇದ್ದುದು ಹೆಸರಿನಲ್ಲಿ. ಯಂತ್ರವು ಮೊದಲು ಕಣ್ಣಿಗೆ ಬಿದ್ದುದನ್ನು ‘ಡಬ್ಲ್ಯುಲ್ಯಾನ್ 0’ ಎಂದೂ ಅನಂತರದ್ದನ್ನು ‘ಡಬ್ಲ್ಯುಲ್ಯಾನ್ 1’ ಎಂದೂ ಕರೆಯುತ್ತಿತ್ತು. ಪ್ರತಿ ಸಲವೂ ಅದೇ ಮೊದಲು ಎಚ್ಚರಗೊಳ್ಳುವುದೆಂಬ ನಿಯಮವಿಲ್ಲ. ಹೆಸರು ಅದಲುಬದಲಾದಾಗ ಕೆಲಸವೂ ಅದಲುಬದಲಾಗುತ್ತಿತ್ತು. 2013ರಲ್ಲಿ ಸಿಸ್ಟಮ್‌ಡಿ ಎಂಬ ತಂತ್ರಾಂಶವು ಸ್ಥಿರವಾದ ಹೆಸರುಗಳ ಪದ್ಧತಿಯನ್ನು ತಂದಿದ್ದರೂ ನಮ್ಮ ಯಂತ್ರದಲ್ಲಿ ಅದು ಚಾಲನೆಯಲ್ಲಿರಲಿಲ್ಲ.

ಮಾದರಿಯ ಸಂಖ್ಯೆಯಿಂದ ಗುರುತಿಸೋಣವೆಂದರೆ ಅದು ಎರಡಕ್ಕೂ ಒಂದೇ. ಆಗ ಅಣ್ಣನ ಅವಳಿ ಮಕ್ಕಳ ನೆನಪಾಯಿತು. ನಾವೆಲ್ಲ ತಪ್ಪಿ ಕರೆದರೂ ಅವ್ವ ಒಮ್ಮೆಯೂ ತಪ್ಪಿದವಳಲ್ಲ. ಒಬ್ಬನ ಹುಬ್ಬಿನ ಮೇಲಿನ ಮಚ್ಚೆಯನ್ನು ಅವಳು ಬಲ್ಲಳು. ಈ ಸಾಧನಗಳಿಗೂ ಅಂತಹ ಮಚ್ಚೆಯೊಂದಿದೆ. ಅದೇ ‘ಮ್ಯಾಕ್’ ವಿಳಾಸ. ಅದರ 12 ಚಿಹ್ನೆಗಳಲ್ಲಿ ಮೊದಲ 6 ತಯಾರಕರನ್ನು ಸೂಚಿಸಿದರೆ, ಉಳಿದ 6 ಆ ಒಂದು ಸಾಧನವನ್ನು ಸೂಚಿಸುತ್ತವೆ. ‘ಐಪಿ ಲಿಂಕ್’ ಎಂಬ ಆಜ್ಞೆಯನ್ನಿತ್ತು ನೋಡಿದರೆ ಮೊದಲರ್ಧ ಒಂದೇ, ಕೊನೆಯರ್ಧ ಬೇರೆ.

ಲಿನಕ್ಸಿನ ‘ಯುಡೆವ್’ ಎಂಬ ಭಾಗದಲ್ಲಿ ಎರಡು ಸಾಲುಗಳ ನಿಯಮವನ್ನು ಬರೆದೆನು: ಈ ವಿಳಾಸದ್ದು ‘ಪಡಸಾಲೆ’, ಆ ವಿಳಾಸದ್ದು ‘ಅವ್ವ’. ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕಾಯಿತು. ಯಂತ್ರವು ತಾನೇ ಕೊಡುವ ಹಳೆಯ ಹೆಸರುಗಳನ್ನು ಮತ್ತೆ ಬಳಸಿದರೆ ಘರ್ಷಣೆಯಾಗುವುದರಿಂದ ಹೊಸ ಹೆಸರುಗಳೇ ಲೇಸು. ಸಂಪರ್ಕದ ಕಡತಗಳಲ್ಲಿಯೂ ಅವನ್ನೇ ಬರೆದು, ಯಂತ್ರವನ್ನು ಐದು ಸಲ ಆರಿಸಿ ಹೊತ್ತಿಸಿದೆನು. ಪ್ರತಿ ಸಲವೂ ಅವು ತಮ್ಮ ತಮ್ಮ ಕೆಲಸವನ್ನೇ ಹಿಡಿದವು.

ಅಂದು ಸಂಜೆಯೂ ವಿದ್ಯುತ್ತು ಹೋಗಿ ಬಂದಿತು. ತಂಗಿಯ ಕರೆಯೂ ಬಂದಿತು. ಮಾತು ಮುಗಿದ ಮೇಲೆ ಅವ್ವನ ಬಳಿ ಕುಳಿತು, “ತಪ್ಪು ನಿನ್ನ ಮಗಳದ್ದಲ್ಲವ್ವಾ, ನನ್ನದು. ಮೊದಲು ಬಂದವನನ್ನೇ ಹಿರಿಯನೆಂದು ಬರೆದಿಟ್ಟಿದ್ದೆ” ಎಂದೆನು. ಅವ್ವ ನಕ್ಕು, “ಊಟಕ್ಕೆ ನಡಿ” ಎಂದಳು.