ಎಡವೋ ಬಲವೋ ಗೊತ್ತಿದ್ದರೆ ಚಿಕನ್

ಟೆಕ್ಕನ್ 3 ಆಡಿದವರಿಗೆಲ್ಲ ಎಡ್ಡಿ ಗೋರ್ಡೊ ಗೊತ್ತು. ಎರಡು ಕಿಕ್ ಬಟನ್‌ಗಳನ್ನು ಸಿಕ್ಕಾಪಟ್ಟೆ ಒತ್ತುತ್ತಾ ಇದ್ದರೆ ಸಾಕು, ಅವನು ನೆಲಕ್ಕೆ ಕೈ ಊರಿ, ತಲೆಕೆಳಗಾಗಿ, ಸುತ್ತಿ ಸುತ್ತಿ ಒದ್ದು ನಿಮ್ಮನ್ನು ಗೆಲ್ಲಿಸಿಬಿಡ್ತಾನೆ. ಯಾವ ಬಟನ್‌ಗೆ ಯಾವ ಒದೆತ ಅಂತ ಕೇಳಿದರೆ ಗೆದ್ದವನಿಗೂ ಗೊತ್ತಿರುವುದಿಲ್ಲ. ಅದೇ ಆಟದಲ್ಲಿ ಎಲ್ಲ ಪಾತ್ರಗಳಿಗೂ ಇರುವ, ಆದರೆ ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಬಳಸುವುದನ್ನು ನಾವು ನೋಡದ ಒಂದು ಮೂವ್ ಉಂಟು. ಅದನ್ನು ಆಟಗಾರರು ಕರೆಯುವುದು ‘ಚಿಕನ್’ ಅಂತ. ಮಂಗಳೂರಲ್ಲಿ ಈ ಹೆಸರು ಹೇಳಿದರೆ ಸುಕ್ಕ, ನೀರುದೋಸೆ ನೆನಪಾಗುವುದು ಸಹಜ. ಈ ಲೇಖನ ಮಾತ್ರ ಆಟದ ಚಿಕನ್ ಬಗ್ಗೆ.

ಆಡದವರಿಗಾಗಿ ಸ್ವಲ್ಪ ಹಿನ್ನೆಲೆ. ಟೆಕ್ಕನ್ 3 ನಾಮ್ಕೊ ಕಂಪನಿಯ ಆಟ. 1997ರಲ್ಲಿ ಆರ್ಕೇಡ್‌ಗೆ, 1998ರಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಅಂದರೆ ನಮ್ಮೆಲ್ಲರಿಗಿಂತ ದೊಡ್ಡದು, ‘ಅಣ್ಣ’ ಅನ್ನಬೇಕು. ಸ್ಟ್ರೀಟ್ ಫೈಟರ್‌ನಲ್ಲಿ ಬಟನ್ ಅಂದರೆ ಹಗುರ ಹೊಡೆತ, ಜೋರು ಹೊಡೆತ ಅಂತ ಲೆಕ್ಕ. ಟೆಕ್ಕನ್‌ನಲ್ಲಿ ಹಾಗಲ್ಲ, ಒಂದೊಂದು ಬಟನ್ ಒಂದೊಂದು ಅಂಗ. 1 ಎಡಗೈ, 2 ಬಲಗೈ, 3 ಎಡಗಾಲು, 4 ಬಲಗಾಲು.

ಪಾಲ್ ಫೀನಿಕ್ಸ್‌ನಂಥ ಕೆಲವೇ ಪಾತ್ರಗಳಿಗೆ ರಿವರ್ಸಲ್ ಅನ್ನುವ ವಿದ್ಯೆ ಉಂಟು. ನೀವು ಹೊಡೆಯುವ ಹೊತ್ತಿಗೆ ಸರಿಯಾಗಿ ಅವನು ಹಿಂದಕ್ಕೆ ಒತ್ತಿ, ಜೊತೆಗೆ 1 ಮತ್ತು 3 (ಅಥವಾ 2 ಮತ್ತು 4) ಒತ್ತಿದರೆ ನಿಮ್ಮ ಕೈಯನ್ನೋ ಕಾಲನ್ನೋ ಹಿಡಿದು ನಿಮ್ಮನ್ನೇ ನೆಲಕ್ಕೆ ಹಾಕ್ತಾನೆ. ಅದಕ್ಕೆ ಕೊಡುವ ಉತ್ತರವೇ ಚಿಕನ್. ಸಿಕ್ಕಿಬಿದ್ದ ಆ ಕ್ಷಣದಲ್ಲಿ ಮುಂದಕ್ಕೆ ಒತ್ತಿ, ಹಿಡಿದದ್ದು ಎಡ ಅಂಗವಾದರೆ ಎಡದ ಎರಡು ಬಟನ್ 1 ಮತ್ತು 3, ಬಲವಾದರೆ 2 ಮತ್ತು 4. ಸರಿಯಾದರೆ ಅವನ ರಿವರ್ಸಲ್ ಅವನಿಗೇ ತಿರುಗುತ್ತದೆ. ಎಡ ಬಲ ಅದಲುಬದಲಾದರೆ ನೀವು ಬಿದ್ದ ಹಾಗೆಯೇ.

ಅಂದರೆ ಎದುರಾಳಿಯ ಪಾತ್ರಕ್ಕೆ ರಿವರ್ಸಲ್ ಇರಬೇಕು, ಅವನು ಅದನ್ನು ಬಳಸಬೇಕು, ನೀವು ಸಿಕ್ಕಿಬೀಳಬೇಕು, ಯಾವ ಕಡೆಯದ್ದು ಸಿಕ್ಕಿತು ಅಂತ ನಿಮಗೆ ಗೊತ್ತಿರಬೇಕು. ನಾಲ್ಕು ಇನ್‌ಪುಟ್‌ನ ಆ್ಯಂಡ್ ಗೇಟ್! ಒಂದು ಸೊನ್ನೆಯಾದರೂ ಔಟ್‌ಪುಟ್ ಸೊನ್ನೆ. ಇಂಥ ಮೂವ್‌ನ್ನು ಯಾರು ಕಲಿಯುತ್ತಾರೆ?

ನಾವು ಕಲಿತೆವು, ಯಾಕೆಂದರೆ ಬೇರೆ ದಾರಿ ಇರಲಿಲ್ಲ. ವಾಮಂಜೂರಿನ ನಮ್ಮ ಪಿಜಿ ರೂಮಿನಲ್ಲಿ ನಾಲ್ಕು ಜನ. ನಮ್ಮಲ್ಲಿ ಕಾಸರಗೋಡಿನವ ಯಾವಾಗಲೂ ಪಾಲ್, ಯಾವಾಗಲೂ ರಿವರ್ಸಲ್. ಸೋತವ ಜಂಕ್ಷನ್‌ಗೆ ಹೋಗಿ ಗೋಳಿಬಜೆ ತರಬೇಕು ಅಂತ ನಿಯಮ. ಜುಲೈ ತಿಂಗಳ ಮಳೆಯಲ್ಲಿ ಹೈವೇ ಬದಿ ಕೊಡೆ ಹಿಡಿದು ನಡೆದವರಿಗೆ ಆ ಶಿಕ್ಷೆ ಎಂಥದ್ದು ಅಂತ ಗೊತ್ತು. ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಸುಳ್ಯದವ.

ಮೊದಲ ಅಡ್ಡಿ ಬಂದದ್ದು ಆಟದಿಂದಲ್ಲ, ಲ್ಯಾಪ್‌ಟಾಪ್‌ನಿಂದ. ಚಿಕನ್‌ಗೆ ಮೂರು ಕೀ ಒಟ್ಟಿಗೆ ಬೇಕು. ಎಷ್ಟು ಸರಿಯಾಗಿ ಒತ್ತಿದರೂ ಬರಲಿಲ್ಲ. ಆಗ ಇಸಿ ಓದುವ ಹುಬ್ಬಳ್ಳಿಯವ ಹೇಳಿದ, “ಲೇ, ನಿಮ್ ಕೈ ಸರಿ ಐತಿ, ಕೀಬೋರ್ಡಿಂದs ತಕರಾರು.” ಕೀಬೋರ್ಡ್ ಒಳಗೆ ಕೀಗಳು ಅಡ್ಡಸಾಲು, ಉದ್ದಸಾಲುಗಳ ಮ್ಯಾಟ್ರಿಕ್ಸ್‌ನಲ್ಲಿ ಇರುತ್ತವೆ. ಪ್ರತಿ ಕೀಗೂ ಒಂದು ಡಯೋಡ್ ಇಲ್ಲದಿದ್ದರೆ, ಆ ಮ್ಯಾಟ್ರಿಕ್ಸ್‌ನಲ್ಲಿ ಒಂದು ಆಯತದ ಮೂರು ಮೂಲೆಯ ಕೀ ಒತ್ತಿದಾಗ ನಾಲ್ಕನೆಯದ್ದೂ ಒತ್ತಿದ ಹಾಗೆ ಕಾಣುತ್ತದೆ. ಆ ಗೊಂದಲ ಬೇಡ ಅಂತ ತುಂಬಾ ಕೀಬೋರ್ಡ್‌ಗಳು ಮೂರನೆಯ ಕೀಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾವು ಬೇರೆ ಬೇರೆ ಮೂರು ಕೀ ಒತ್ತಿ ನೋಡಿ, ಒಟ್ಟಿಗೆ ಕೆಲಸ ಮಾಡುವವನ್ನು ಹುಡುಕಿ ಮ್ಯಾಪಿಂಗ್ ಬದಲಿಸಿದೆವು. ಚಿಕನ್ ಬಂತು. ಕೀಬೋರ್ಡಲ್ಲಿ ಆಡುವವರು ಮೊದಲು ಇದನ್ನು ನೋಡಿಕೊಳ್ಳಿ.

ಎರಡನೆಯ ಅಡ್ಡಿ ಸಮಯದ್ದು. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ, ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಕಣ್ಣಲ್ಲಿ ನೋಡಿ ಬೆರಳು ಒತ್ತಲು ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ 12ರಿಂದ 15 ಫ್ರೇಮ್ ಕಳೆದುಹೋಗಿರುತ್ತದೆ. ಎಡವೋ ಬಲವೋ ಅಂತ ಆರಿಸಬೇಕಾದರೆ ಇನ್ನೂ ಹೆಚ್ಚು. ಹಾಗಾಗಿ ಆರಿಸುವ ಕೆಲಸ ಹೊಡೆಯುವ ಮೊದಲೇ ಮುಗಿದಿರಬೇಕು. “ನಾನೀಗ ಎಡಗೈ ಬೀಸ್ತೇನೆ, ಹಿಡಿದರೆ ಎಡದ ಚಿಕನ್.” ಇಷ್ಟು ತೀರ್ಮಾನ ಆಗಿದ್ದರೆ ಸಿಕ್ಕಿಬಿದ್ದಾಗ ಯೋಚಿಸಲು ಏನೂ ಉಳಿದಿರುವುದಿಲ್ಲ. 1, 2 ಅಂತ ಎರಡು ಗುದ್ದಿನ ಸರಣಿಯಾದರೆ ಎಷ್ಟನೆಯ ಗುದ್ದು ಸಿಕ್ಕಿತು ಅನ್ನುವುದೂ ಗೊತ್ತಿರಬೇಕು, ಯಾಕೆಂದರೆ ಮೊದಲನೆಯದ್ದು ಎಡ, ಎರಡನೆಯದ್ದು ಬಲ.

ಇದನ್ನು ನಮ್ಮೆಲ್ಲರಿಗಿಂತ ಬೇಗ ಕಲಿತವನು ಸುಳ್ಯದವ. ಅತಿ ಹೆಚ್ಚು ಸಲ ಸಿಕ್ಕಿಬಿದ್ದವ ಅವನೇ ಅಲ್ವಾ? ಅವನು ಹೊಡೆಯುವಾಗ ಬಾಯಿಬಿಟ್ಟು ಹೇಳ್ತಿದ್ದ. “ಎಡ. ಎಡ. ಬಲ.” ಕಾಸರಗೋಡಿನವನಿಗೂ ಕೇಳಿಸುತ್ತಿತ್ತು. ಮೂರು ಸಲ ಚಿಕನ್ ತಿಂದ ಮೇಲೆ ಅವನು ಕೈ ಹಿಂದೆ ತೆಗೆದ. “ಎಂತ ಮಾರಾಯ, ಹಿಡಿಯಲಿಕ್ಕೇ ಧೈರ್ಯ ಬರುವುದಿಲ್ಲ!” ಆಮೇಲೆ ಸುಳ್ಯದವನಿಗೆ ಚಿಕನ್ ಬಳಸುವ ಅಗತ್ಯವೇ ಅಪರೂಪವಾಯಿತು. ಸಾದಾ ಎಡಗೈ ಗುದ್ದುಗಳೇ ಕೆಲಸ ಮಾಡಿದವು. ಒಂದು ಸಂಜೆ ಗೋಳಿಬಜೆ ತರಲು ಕಾಸರಗೋಡಿನವ ಹೋದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಸೆಮಿಸ್ಟರ್‌ನಲ್ಲಿ ರೂಮಿನಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಸುಳ್ಯದವನಿಗೆ ಫಸ್ಟ್ ಇಯರ್‌ನ ಒಂದು ಸಬ್ಜೆಕ್ಟ್ ಬಾಕಿ. ಲ್ಯಾಬಲ್ಲಿ ಪ್ರೋಗ್ರಾಂ ಪೂರ್ತಿ ಬರೆಯುತ್ತಿದ್ದ, ವೈವಾದಲ್ಲಿ ತಿರುಗಿಸಿ ಒಂದು ಪ್ರಶ್ನೆ ಕೇಳಿದರೆ ಕಲ್ಲಾಗುತ್ತಿದ್ದ. “ಓದು ಸಾಕು, ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಳ್ತೇನೆ” ಅಂತ ಆಗಾಗ ಹೇಳುವುದಿತ್ತು. ನಾವು ತಮಾಷೆ ಅಂದುಕೊಂಡಿದ್ದೆವು. ಒಂದು ಶನಿವಾರ ಊರಿಗೆ ಹೊರಟವನ ಕೈಯಲ್ಲಿ ಬ್ಯಾಗ್ ಜೊತೆಗೆ ಬಕೆಟ್ ಕೂಡ ಇತ್ತು. ಎರಡು ದಿನಕ್ಕೆ ಬಕೆಟ್ ಯಾಕೆ? ಯಾರೂ ಕೇಳಲಿಲ್ಲ. “ಬಕೆಟ್ ಇಲ್ಲಿ ಇರಲಿ ಮಾರಾಯ, ನಮಗೆ ಬೇಕು” ಅಂತ ಕಸಿದು ಇಟ್ಟುಕೊಂಡೆವು. ಸೋಮವಾರ ಬಂದ.

ಆ ವಾರ ರೂಮಲ್ಲಿ ವೈವಾ ಶುರು ಮಾಡಿದೆವು, ಟೆಕ್ಕನ್ ಲೆಕ್ಕದಲ್ಲೇ. ಪರೀಕ್ಷಕರು ಮಾಡುವುದೂ ರಿವರ್ಸಲ್ ತಾನೇ? ನಾವು ಹೇಳಿದ ಉತ್ತರದಿಂದಲೇ ಒಂದು ಶಬ್ದ ಹಿಡಿದು ತಿರುಗಿಸುತ್ತಾರೆ. “ಸ್ಟ್ಯಾಕನ್ನು ಅರೇ ಬಳಸಿ ಮಾಡಿದ್ದೇನೆ” ಅಂದರೆ, “ಅರೇ ಯಾಕೆ? ಲಿಂಕ್ಡ್ ಲಿಸ್ಟ್ ಯಾಕಲ್ಲ?” ಹಾಗಾಗಿ ನಿಯಮ ಒಂದು: ಅರ್ಥ ಗೊತ್ತಿಲ್ಲದ ಶಬ್ದವನ್ನು ಮುಂದೆ ಚಾಚಬಾರದು. ನಿಯಮ ಎರಡು: ಚೆನ್ನಾಗಿ ಗೊತ್ತಿರುವ ಶಬ್ದವನ್ನು ಬೇಕೆಂದೇ ಚಾಚಬೇಕು. ‘ಓವರ್‌ಫ್ಲೋ’ ಅಂತ ಹೇಳಿ ಬಿಟ್ಟರೆ ಅದನ್ನೇ ಹಿಡಿಯುವ ಸಾಧ್ಯತೆ ಹೆಚ್ಚು. ಹಿಡಿಯಲಿ, ಉತ್ತರ ರೆಡಿ ಇದೆ.

ನಿಯಮ ಮೂರು ಹುಬ್ಬಳ್ಳಿಯವನದ್ದು: ರೂಮಿನ ವೈವಾ ಕನ್ನಡದಲ್ಲೇ ಆಗಬೇಕು. ನಾವೆಲ್ಲ ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್‌ನಲ್ಲಿ ಅರ್ಥವಾಗದೆಯೂ ಪೂರ್ತಿ ಉತ್ತರ ಒಪ್ಪಿಸಿಬಿಡಬಹುದು, ಎಡ್ಡಿಯ ಕಿಕ್ ಹಾಗೆ. ಕನ್ನಡದಲ್ಲಿ ಹೇಳಲು ಹೊರಟಾಗ ಬಾಯಿಪಾಠ ಕೈಕೊಡುತ್ತದೆ. ಟಾಪ್ ಯಾಕೆ ಮೈನಸ್ ಒಂದರಿಂದ ಶುರು? ಸುಳ್ಯದವ ಸ್ವಲ್ಪ ಯೋಚಿಸಿ ಹೇಳಿದ, “ಮೆಸ್ಸಲ್ಲಿ ಪ್ಲೇಟ್ ರಾಶಿ ಉಂಟಲ್ಲ, ಅಡಿಯ ಪ್ಲೇಟಿನ ನಂಬರೇ ಸೊನ್ನೆ ಅಂತ ಇಟ್ಟುಕೊಳ್ಳಿ. ಟಾಪ್ ಸೊನ್ನೆ ಅಂದರೆ ಒಂದು ಪ್ಲೇಟ್ ಉಂಟು ಅಂತ ಆಯಿತು. ಒಂದೂ ಇಲ್ಲ ಅಂತ ಹೇಳಲಿಕ್ಕೆ ಅದಕ್ಕಿಂತ ಒಂದು ಕೆಳಗೆ ಹೋಗಬೇಕು.” ನಮಗೂ ಅದು ಅವತ್ತೇ ಸರಿಯಾಗಿ ತಲೆಗೆ ಹೋದದ್ದು.

ಲ್ಯಾಬ್ ಪರೀಕ್ಷೆಯಲ್ಲಿ ಅವನಿಗೆ ಮೂರು ಪ್ರಶ್ನೆ ತಿರುಗಿ ಬಂತಂತೆ. ಎರಡಕ್ಕೆ ಉತ್ತರ ಕೊಟ್ಟ. ಮೂರನೆಯದಕ್ಕೆ “ಗೊತ್ತಿಲ್ಲ ಸರ್, ಅದು ನಾನು ಓದಿಲ್ಲ” ಅಂತ ನೇರ ಹೇಳಿದ. ಕಲ್ಲಾಗಲಿಲ್ಲ. ಲ್ಯಾಬ್ ಪಾಸಾಯಿತು. ಫಸ್ಟ್ ಇಯರ್‌ನ ಆ ಸಬ್ಜೆಕ್ಟ್ ಇನ್ನೂ ಬಾಕಿ ಉಂಟು, ಅದನ್ನು ಚಿಕನ್ ಒಂದರಿಂದಲೇ ಗೆಲ್ಲಲು ಆಗುವುದಿಲ್ಲ ಅಂತ ನಮಗೂ ಗೊತ್ತು, ಅವನಿಗೂ ಗೊತ್ತು. ಈಗ ರಾತ್ರಿ ಊಟದ ನಂತರ ಒಂದು ಗಂಟೆ ಅದಕ್ಕೇ ಮೀಸಲು. ಟೆಕ್ಕನ್ ಆಮೇಲೆ.

ಚಿಕನ್‌ನಿಂದ ನಾವು ಗೆದ್ದ ರೌಂಡ್‌ಗಳು ಬೆರಳೆಣಿಕೆಯಷ್ಟೇ. ಆದರೆ ಅದನ್ನು ಕಲಿಯಲು ಹೋಗಿ ನಮ್ಮ ಎಡ ಯಾವುದು, ಬಲ ಯಾವುದು ಅಂತ ಗೊತ್ತಾಯಿತು. ಕಣ್ಣುಮುಚ್ಚಿ ಬಟನ್ ಒತ್ತಿ ಗೆಲ್ಲುವವರನ್ನು ನಾವು ಬೈಯುವುದಿಲ್ಲ, ಅವರು ಈಗಲೂ ನಮ್ಮನ್ನು ಸೋಲಿಸ್ತಾರೆ. ಅನುಮಾನ ಇದ್ದರೆ ರೂಮಿಗೆ ಬನ್ನಿ. ಒಂದು ಕಂಟ್ರೋಲರ್ ಇದ್ದರೆ ತನ್ನಿ. ಗೋಳಿಬಜೆಯ ನಿಯಮ ಅತಿಥಿಗಳಿಗೂ ಅನ್ವಯ.