ಅಪ್ಪಿ ಎಂದು ಕರೆಯಲೇ?

ಮಕ್ಕಳೇ, ಅಮ್ಮ ಫೋನಿನಲ್ಲಿ ಮಲಯಾಳಂ ಮಾತನಾಡುವಾಗ ನೀವು ಪಕ್ಕದ ಕೋಣೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತೀರಲ್ಲ, ಅದು ನಮಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ನಗಿ, ಬೇಡವೆನ್ನುವುದಿಲ್ಲ. ನೀವು ಈ ಭಾಷೆಯನ್ನು ಬೀದಿಯಲ್ಲಿ ಆಡುತ್ತಾ ಕಲಿತವರು. ನಾನು ಕಲಿಯಲು ಶುರು ಮಾಡಿದಾಗ ನನಗೆ ಇಪ್ಪತ್ತೈದು ವರ್ಷ.

1994ರಲ್ಲಿ ನಮ್ಮವರಿಗೆ ಕೊಚ್ಚಿಗೆ ವರ್ಗವಾಯಿತು. ಆರು ತಿಂಗಳ ಮಗನನ್ನು ಎತ್ತಿಕೊಂಡು ಶಿರಸಿಯಿಂದ ಬಂದೆ. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು, ಎಲ್ಲಿ ಹೋದರೂ ಸೈ ಎಂಬ ಜಂಬ ಸ್ವಲ್ಪ ಇತ್ತು. ಹಾಲಿನವನ ಜೊತೆ ಲೆಕ್ಕ ಮಾಡಲು ಷೇಕ್ಸ್‌ಪಿಯರ್ ಯಾವ ಉಪಯೋಗಕ್ಕೂ ಬರಲಿಲ್ಲ.

ಮಗನ ಮೊದಲ ಹುಟ್ಟುಹಬ್ಬಕ್ಕೆ ಪಕ್ಕದ ಮನೆಯ ಚೇಚಿಯ ಕುಟುಂಬವನ್ನು ಊಟಕ್ಕೆ ಕರೆದಿದ್ದೆ. ಎಲೆ ಹಾಕಿ, ಬಹಳ ಮರ್ಯಾದೆಯಿಂದ ‘ಕೈ ಕೞಿಚ್ಚೋ?’ ಎಂದು ಕೇಳಿದೆ. ಕೈ ತೊಳೆದಿರಾ ಎಂದು ಕೇಳಬೇಕಿದ್ದವಳು ಕೈ ತಿಂದಿರಾ ಎಂದು ಕೇಳಿದ್ದೆ! ತೊಳೆಯುವುದಕ್ಕೆ ‘ಕೞುಗು’, ತಿನ್ನುವುದಕ್ಕೆ ‘ಕೞಿ’. ಚೇಚಿಯ ಗಂಡ ಎರಡೂ ಕೈ ಎತ್ತಿ ತೋರಿಸಿ, ಇನ್ನೂ ಇವೆ ಎಂದರು.

ಈ ‘ೞ’ ಅಕ್ಷರ ನಿಮಗೆ ಹೊಸದಿರಬಹುದು. ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು, ಆದರೆ ಎಲ್ಲಿಗೂ ತಾಗಿಸಬಾರದು. ಇದು ಮಲಯಾಳಿಗಳದ್ದು ಮಾತ್ರ ಎಂದು ನಾನೂ ತಿಳಿದಿದ್ದೆ. ಒಂದು ದಿನ ಎರ್ನಾಕುಳಂ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಆಲಪ್ಪುೞ, ಆಲಪ್ಪುೞ’ ಎಂದು ಕೂಗುತ್ತಿದ್ದಾಗ ಕಾಲೇಜಿನ ಹಳಗನ್ನಡ ಪಾಠ ನೆನಪಾಯಿತು. ಇದೇ ಅಕ್ಷರ ನಮ್ಮಲ್ಲೂ ಇತ್ತು, ‘ರಳ’ ಎಂದು ಅದರ ಹೆಸರು. ನಾವು ಅದನ್ನು ಕಳೆದುಕೊಂಡು ‘ಳ’ದಲ್ಲಿ ಸುಧಾರಿಸಿಕೊಂಡೆವು, ಇವರು ಉಳಿಸಿಕೊಂಡರು. ಅವರ ಮೞ ನಮ್ಮ ಮಳೆ, ಅವರ ಕೋೞಿ ನಮ್ಮ ಕೋಳಿ, ಆಲಪ್ಪುೞದ ಪುೞ ನಮ್ಮ ಹೊಳೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತದ್ದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು.

ಆದರೆ ನಾನು ಹೇಳಹೊರಟದ್ದು ಬೇರೆ. ನಮ್ಮ ಶಿರಸಿಯ ಕಡೆ ಗಂಡುಮಕ್ಕಳನ್ನು ಪ್ರೀತಿಯಿಂದ ‘ಅಪ್ಪಿ’ ಎಂದು ಕರೆಯುವುದು ವಾಡಿಕೆ. ಮಗನನ್ನೂ ಹಾಗೆಯೇ ಕರೆಯುತ್ತಿದ್ದೆ. ಅವನು ಒಂದನೆಯ ತರಗತಿಯಲ್ಲಿದ್ದಾಗ, 2000ದಲ್ಲಿ, ಶಾಲೆಯ ಗೇಟಿನ ಮುಂದೆ ನಿಂತು ‘ಅಪ್ಪೀ’ ಎಂದು ಕೂಗಿದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಚೇಚಿ ಸಂಕೋಚಪಡುತ್ತಾ ಹೇಳಿದಳು: ಕೊಚ್ಚಿಯಲ್ಲಿ ಅಪ್ಪಿ ಎಂದರೆ ಪುಟ್ಟ ಮಕ್ಕಳು ಮಾಡುವ ಕಕ್ಕ. ಕೂಗಿದವಳು ನಾನು, ಅಡ್ಡಹೆಸರು ಅಂಟಿದ್ದು ಅವನಿಗೆ. ಒಂದು ಸಂಜೆ ಶೂ ಬಿಚ್ಚುತ್ತಾ, ನನ್ನ ಮುಖ ನೋಡದೆ, ‘ಆಯೀ, ಇನ್ನುಮೇಲೆ ಹೊರಗೆ ಕನ್ನಡ ಬೇಡ’ ಎಂದ.

ನಾನು ಆಗಲಿ ಎಂದೆ. ಈಗ ಅನ್ನಿಸುತ್ತದೆ, ಅಷ್ಟು ಬೇಗ ಒಪ್ಪಬಾರದಿತ್ತು. ಮೂರು ವರ್ಷ ಅವನನ್ನು ಹಾಜರಿ ಕರೆಯುವ ಟೀಚರಿನ ಹಾಗೆ ಪೂರ್ತಿ ಹೆಸರು ಹಿಡಿದು ಕರೆದೆ. ಮನೆಯೊಳಗೂ ಅವನು ಮಲಯಾಳದಲ್ಲೇ ಉತ್ತರ ಕೊಡತೊಡಗಿದ.

2003ರಲ್ಲಿ ತಿರುವನಂತಪುರಕ್ಕೆ ವರ್ಗವಾಯಿತು. ಮೊದಲ ವಾರ ಚಾಲೆ ಮಾರುಕಟ್ಟೆಗೆ ಅವನನ್ನೂ ಕರೆದುಕೊಂಡು ಹೋದೆ. ಬಾಳೆಕಾಯಿ ಮಾರುವ ಮುದುಕಿ ಅವನ ಗಲ್ಲ ಹಿಡಿದು ‘ಎಂತರಪ್ಪೀ?’ ಎಂದಳು. ಏನು ಮಗೂ ಎಂದು! ಆ ಊರಿನಲ್ಲಿ ಅಪ್ಪಿ ಎಂದರೆ ಮುದ್ದಿನ ಮಗು. ‘ಎಂತರ್’ ಎಂದರೆ ಏನು, ನಮ್ಮ ‘ಎಂತ’ದ ಹಾಗೆಯೇ. ಶಿರಸಿಯಲ್ಲಿ ನಮ್ಮ ಅತ್ತೆ ಜಗುಲಿಯಲ್ಲಿ ಕುಳಿತು ಕರೆದಂತೆಯೇ ಕೇಳಿಸಿತು. ಅವನು ಮುದುಕಿಯನ್ನು ನೋಡಿದ, ನನ್ನನ್ನು ನೋಡಿದ. ‘ಆಯೀ, ಇವರು ನಮ್ಮ ಊರಿನವರಾ?’ ಎಂದು ಕೇಳಿದ, ಕನ್ನಡದಲ್ಲಿ, ಎಲ್ಲರ ಎದುರಿಗೆ.

ಈಗ ಅವನು ಬೆಂಗಳೂರಿನಲ್ಲಿದ್ದಾನೆ. ಹೋದ ವರ್ಷ ಗಂಡುಮಗುವಾಯಿತು. ಏನೆಂದು ಕರೆಯಲಿ ಎಂದು ಅವನನ್ನೇ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ: ‘ಕೊಚ್ಚಿಯ ಗೆಳೆಯರು ಬಂದಾಗ ಬೇಡ ಆಯಿ. ಬಾಕಿ ಹೊತ್ತು ಅಪ್ಪಿ ಎಂದೇ ಕರಿ.’